ದೇಣಿಗೆಯ ಹಣದಲ್ಲಿ ಜಾಹೀರಾತು ಕೊಡುವ ಮುನ್ನ: ಮುಕ್ತ ತಂತ್ರಾಂಶದ ತಂಡಗಳಿಗೊಂದು ಕೈಪಿಡಿ

ಶಿರಸಿಯಲ್ಲೋ ಕಾರವಾರದಲ್ಲೋ ಕುಳಿತು ಕನ್ನಡದ ಕೀಲಿಮಣೆಯನ್ನೋ ಸಹಕಾರಿ ಸಂಘಗಳ ಲೆಕ್ಕಪತ್ರದ ಮುಕ್ತ ತಂತ್ರಾಂಶವನ್ನೋ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶ) ನೋಡಿಕೊಳ್ಳುವ ಸಣ್ಣ ತಂಡದ ಖಾತೆಗೆ ಒಂದಷ್ಟು ದೇಣಿಗೆ ಬಂದ ಕೂಡಲೇ, ಇದರಲ್ಲಿ ಸ್ವಲ್ಪವನ್ನು ಜಾಹೀರಾತಿಗೆ ಹಾಕೋಣವೇ ಎಂಬ ಮಾತು ಏಳುತ್ತದೆ. ಇಷ್ಟು ಚೆನ್ನಾಗಿ ಮಾಡಿದ ಕೆಲಸ ಪಕ್ಕದ ತಾಲೂಕಿನವರಿಗೂ ಗೊತ್ತಿಲ್ಲವಲ್ಲ ಎಂಬ ಕೊರಗು ನಿಜವಾದದ್ದೇ. ಆದರೂ ತಂತ್ರಾಂಶದ ಕೆಲಸಕ್ಕೆಂದು ಬಂದ ಹಣವನ್ನು ಪ್ರಚಾರಕ್ಕೆ ಮುಟ್ಟಬಾರದು, ಪ್ರಚಾರ ಬೇಕೇ ಬೇಕೆಂದಾದರೆ ಅದಕ್ಕೆಂದು ಹೇಳಿಯೇ ಬೇರೆ ಹಣ ಎತ್ತಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ನಿರ್ವಹಣೆಯ ಖರ್ಚನ್ನು ಬರೆದುಕೊಳ್ಳಿ. ಸರ್ವರ್ ಬಾಡಿಗೆ, ಡೊಮೈನ್ ನವೀಕರಣ, ಪರೀಕ್ಷೆಗೆ ಬೇಕಾಗುವ ಹಳೆಯ ಫೋನುಗಳು, ಭದ್ರತೆಯ ದೋಷಗಳನ್ನು ಸರಿಪಡಿಸುವವರಿಗೆ ಗೌರವಧನ ಇವೆಲ್ಲ ಸೇರಿ ಒಂದು ವರ್ಷಕ್ಕೆ ಬೇಕಾಗುವಷ್ಟನ್ನು ಎತ್ತಿಟ್ಟ ಮೇಲೆಯೇ ಮುಂದಿನ ಮಾತು. 2014ರ ಏಪ್ರಿಲ್‌ನಲ್ಲಿ ಅಂತರ್ಜಾಲದಲ್ಲಿ ಸಾಗುವ ಮಾಹಿತಿಯನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಜಗತ್ತಿನ ಅಸಂಖ್ಯ ವೆಬ್‌ಸೈಟ್‌ಗಳು ನೆಚ್ಚಿಕೊಂಡಿದ್ದ ಆ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ ಎಂಬುದೂ, ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ ಎಂಬುದೂ ತಿಳಿದುಬಂತು. ಬಳಕೆದಾರರಿಗೆ ಅಲ್ಲಿ ಕೊರತೆ ಇರಲಿಲ್ಲ. ಜನ ಹೆಚ್ಚಾದರೆ ಹಣ ತಾನಾಗಿ ಬರುತ್ತದೆ ಎಂಬ ಲೆಕ್ಕಾಚಾರವನ್ನು ನಂಬಿ ಜಾಹೀರಾತಿಗೆ ಇಳಿಯುವವರು ಇದನ್ನು ಮನಸ್ಸಿನಲ್ಲಿಡಬೇಕು.

ಹಾಗಾದರೆ ಮುಕ್ತ ತಂತ್ರಾಂಶಕ್ಕೆ ಜಾಹೀರಾತೇ ಸಲ್ಲದೇ? ಸಲ್ಲುತ್ತದೆ, ಅದಕ್ಕೆ ಒಳ್ಳೆಯ ಮಾದರಿಯೂ ಇದೆ. ಫೈರ್‌ಫಾಕ್ಸ್ ಎಂಬ ಮುಕ್ತ ಬ್ರೌಸರ್‌ನ 1.0 ಆವೃತ್ತಿ ಹೊರಬಂದದ್ದು 2004ರ ನವೆಂಬರ್ 9ರಂದು. ಅದೇ ಡಿಸೆಂಬರ್ 16ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅದರ ಎರಡು ಪುಟಗಳ ಜಾಹೀರಾತು ಬಂತು. ಅದಕ್ಕೆ ಸುಮಾರು 10,000 ಜನ ಕೊಟ್ಟ ಹಣ ಸುಮಾರು 2,50,000 ಡಾಲರ್, ಮತ್ತು ಕೊಟ್ಟವರ ಹೆಸರುಗಳೇ ಜಾಹೀರಾತಿನ ತುಂಬ ಅಚ್ಚಾಗಿದ್ದವು. ತಮ್ಮ ಹಣ ಪತ್ರಿಕೆಯ ಪುಟಕ್ಕೆ ಹೋಗುತ್ತದೆ ಎಂಬುದು ಕೊಟ್ಟ ಪ್ರತಿಯೊಬ್ಬರಿಗೂ ಗೊತ್ತಿತ್ತು, ಮತ್ತು ಜಾಹೀರಾತು ನೋಡಿ ಬಂದವರ ಕೈಗಿಡಲು ಸಿದ್ಧವಾದ ಬ್ರೌಸರ್ ಇತ್ತು. ಈ ಎರಡು ಸಂಗತಿಗಳಿಲ್ಲದೆ ಆ ಉದಾಹರಣೆಯನ್ನು ಎತ್ತಿ ಹೇಳುವುದರಲ್ಲಿ ಅರ್ಥವಿಲ್ಲ.

ನಮ್ಮಲ್ಲಿ ರಸೀದಿ ಪುಸ್ತಕ ಹಿಡಿದು ವಂತಿಗೆ ಎತ್ತಿದವರಿಗೆ ಇದು ಹೊಸತಲ್ಲ: ಅನ್ನಸಂತರ್ಪಣೆಯ ಬಾಬ್ತು ಬರೆಸಿದ ಹಣದಲ್ಲಿ ರಥಕ್ಕೆ ಬಣ್ಣ ಹೊಡೆಸಿದರೆ ಮರುವರ್ಷ ಆ ಮನೆಯಲ್ಲಿ ರಸೀದಿ ಹರಿಯುವುದು ಕಷ್ಟ. ಆದ್ದರಿಂದ ಮನವಿಯಲ್ಲಿಯೇ ಸ್ಪಷ್ಟವಾಗಿ ಬರೆಯಿರಿ: ಈ ಹಣ ಪ್ರಚಾರಕ್ಕೆ ಮಾತ್ರ, ಬೇಕಾದ ಮೊತ್ತ ಇಷ್ಟು, ಅಷ್ಟು ಕೂಡದಿದ್ದರೆ ಮರಳಿಸುತ್ತೇವೆ, ಉಳಿದರೆ ನಿರ್ವಹಣೆಗೆ ಸೇರಿಸುತ್ತೇವೆ. ಲೆಕ್ಕದ ಪುಸ್ತಕದಲ್ಲೂ ಎರಡು ಬಾಬ್ತು ಬೇರೆಬೇರೆಯಾಗಿಯೇ ಇರಲಿ. ಹೊರದೇಶದಿಂದ ಹಣ ಬರುವ ಸಂಭವವಿದ್ದರೆ ಸಂಘವು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರಬಹುದಾದ್ದರಿಂದ, ಮನವಿ ಹೊರಡಿಸುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ.

ಹಣ ಕೊಡದೆಯೇ ಆಗುವ ಪ್ರಚಾರವನ್ನು ಮುಗಿಸಿಕೊಳ್ಳದೆ ಹಣ ಕೊಡುವ ಪ್ರಚಾರಕ್ಕೆ ಹೋಗಬೇಡಿ. ನೋಂದಾಯಿತ ಸೇವಾಸಂಸ್ಥೆಗಳಿಗೆ, ಅರ್ಹತೆ ಇದ್ದರೆ, ತಿಂಗಳಿಗೆ 10,000 ಡಾಲರ್‌ವರೆಗಿನ ಹುಡುಕು ಜಾಹೀರಾತನ್ನು ಗೂಗಲ್ ಉಚಿತವಾಗಿ ಕೊಡುವ ಯೋಜನೆಯಿದೆ. ಹಾಗೆಯೇ ನಿಮ್ಮ ತಂತ್ರಾಂಶದ ಹೆಸರನ್ನು ನೀವೇ ಗೂಗಲ್‌ನಲ್ಲಿ ಹಾಕಿ ನೋಡುತ್ತಿರಿ. 2022ರ ಅಕ್ಟೋಬರ್‌ನಲ್ಲಿ ಚಿತ್ರ ತಿದ್ದುವ ಮುಕ್ತ ತಂತ್ರಾಂಶವಾದ ಗಿಂಪ್‌ನ ಹೆಸರಿನಲ್ಲಿ ಕಾಣಿಸಿಕೊಂಡ ಜಾಹೀರಾತೊಂದು ಜನರನ್ನು ನಕಲಿ ತಾಣಕ್ಕೆ ಕರೆದೊಯ್ದು, ಮಾಹಿತಿ ಕದಿಯುವ ಕುತಂತ್ರಾಂಶವನ್ನು ಅವರ ಕಂಪ್ಯೂಟರಿಗೆ ಇಳಿಸುತ್ತಿತ್ತು. ಅಂಥದ್ದು ಕಂಡರೆ ಕೂಡಲೇ ದೂರು ಕೊಡಿ. ಹೊಸಬರನ್ನು ಕರೆಯುವುದಕ್ಕಿಂತ ಈಗಾಗಲೇ ನಿಮ್ಮನ್ನು ಹುಡುಕಿಕೊಂಡು ಬಂದವರನ್ನು ಕಾಯುವುದು ದೊಡ್ಡ ಕೆಲಸ.

ಇಷ್ಟಾದ ಮೇಲೆ ಜಾಹೀರಾತು ನೋಡಿ ಬರುವವರು ಎಲ್ಲಿಗೆ ಬಂದು ತಲುಪುತ್ತಾರೆ ಎಂಬುದನ್ನು ಕಣ್ಣಾರೆ ಪರೀಕ್ಷಿಸಿ. ಈ ತಂತ್ರಾಂಶವನ್ನು ಎಂದೂ ನೋಡದ ಒಬ್ಬರ ಕೈಗೆ ಕರಪತ್ರ ಕೊಟ್ಟು, ಅವರ ಸ್ವಂತ ಫೋನಿನಲ್ಲಿ ಇಳಿಸಿಕೊಳ್ಳಲು ಹೇಳಿ, ಪಕ್ಕದಲ್ಲಿ ಬಾಯಿ ಬಿಡದೆ ಕುಳಿತುಕೊಳ್ಳಿ. ಕೀಲಿಮಣೆಯಾದರೆ ‘ಕರ್ಕಿ’ ಎಂದು ಬರೆಯಲು ಹೇಳಿ, ಅರ್ಕಾವೊತ್ತು ಎಲ್ಲಿ ಸಿಗುತ್ತದೆಂದು ಬೆರಳು ತಡವರಿಸುವುದನ್ನು ಗಮನಿಸಿ. ಆಮೇಲೆ ‘ಯಜ್ಞ’ ಬರೆಯಲು ಹೇಳಿ. ಇಳಿಸುವ ಪುಟ ಇಂಗ್ಲಿಷಿನಲ್ಲಿದೆಯೆಂದೋ, ಫೋನಿನಲ್ಲಿ ಜಾಗ ಸಾಲದೆಂದೋ, ಸೆಟ್ಟಿಂಗ್ಸ್‌ಗೆ ಹೋಗಿ ಕೀಲಿಮಣೆಯನ್ನು ಚಾಲೂ ಮಾಡಬೇಕೆಂಬುದು ತಿಳಿಯದೆಯೋ ಅವರು ಅರ್ಧಕ್ಕೇ ಕೈಬಿಟ್ಟರೆ, ಜಾಹೀರಾತಿನ ಹಣವೂ ಅಲ್ಲಿಯೇ ಸೋರಿಹೋಗುತ್ತದೆ. ಇವನ್ನು ಸರಿಪಡಿಸುವವರೆಗೆ ಒಂದು ರೂಪಾಯಿಯನ್ನೂ ಪ್ರಚಾರಕ್ಕೆ ಬಿಡುಗಡೆ ಮಾಡಬೇಡಿ.

ಕಾಲವನ್ನೂ ನೋಡಿಕೊಳ್ಳಬೇಕು. ಘಟ್ಟದ ಮೇಲೆ ಅಡಿಕೆ ಕೊಯ್ಲು, ಸುಲಿತ ನಡೆಯುವಾಗ ಹೊಸ ತಂತ್ರಾಂಶ ಕಲಿಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಕಾರವಾರ, ಅಂಕೋಲಾ, ಭಟ್ಕಳದ ಮೀನುಗಾರರ ಸಂಘಗಳಲ್ಲಿ ತರಬೇತಿ ಇಟ್ಟುಕೊಳ್ಳಲು ಅದು ಒಳ್ಳೆಯ ಸಮಯ. ಅಲ್ಲಿಯ ಕರಪತ್ರ ಕೊಂಕಣಿಯಲ್ಲೂ ಇರಲಿ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಒಂದು ಮೇಜು ಹಾಕಿ, ಬಂದವರ ಫೋನಿನಲ್ಲಿ ಅಲ್ಲಿಯೇ ಅಳವಡಿಸಿಕೊಟ್ಟರೆ, ಆಟೋದಲ್ಲಿ ಮೈಕು ಕಟ್ಟಿ ಕೂಗಿಸುವುದಕ್ಕಿಂತ ಹೆಚ್ಚಿನ ಫಲ ಸಿಗುತ್ತದೆ ಎಂದು ನನ್ನ ನಂಬಿಕೆ.

ಪತ್ರಿಕೆಯೊಳಗೆ ಕರಪತ್ರ ಇಡಿಸುವುದಾದರೆ ಇಡೀ ಜಿಲ್ಲೆಗೆ ಒಮ್ಮೆಲೇ ಹಂಚದೆ, ಒಂದೆರಡು ತಾಲೂಕುಗಳಿಗೆ ಮಾತ್ರ ಕೊಡಿ. ಪ್ರತಿ ತಾಲೂಕಿನ ಕರಪತ್ರಕ್ಕೂ ಬೇರೆ ಕ್ಯೂಆರ್ ಸಂಕೇತ ಹಾಕಿದರೆ ಯಾವುದರಿಂದ ಎಷ್ಟು ಜನ ಬಂದರೆಂದು ತಿಳಿಯುತ್ತದೆ, ಯಾರ ಖಾಸಗಿ ಮಾಹಿತಿಯನ್ನೂ ಕೆದಕಬೇಕಾಗುವುದಿಲ್ಲ. ಇಳಿಸಿಕೊಂಡವರ ಸಂಖ್ಯೆಯೊಂದನ್ನೇ ನೆಚ್ಚದೆ, ದೋಷ ತಿಳಿಸಲು ಬರೆದವರು, ಅನುವಾದಕ್ಕೆ ಕೈಜೋಡಿಸಿದವರು, ಸಹಾಯ ಕೇಳಿ ಕರೆ ಮಾಡಿದವರು ಎಷ್ಟು ಎಂದೂ ಬರೆದಿಡಿ. ಎರಡು ತಿಂಗಳ ನಂತರ ಈ ಅಂಕಿಗಳನ್ನು ಜಮಾ-ಖರ್ಚಿನ ಜೊತೆಗೆ ದಾನಿಗಳೆಲ್ಲರಿಗೂ ಕಳುಹಿಸಿ, ಪ್ರಚಾರದ ಬಾಬ್ತಿನಲ್ಲಿ ಉಳಿದ ಹಣವನ್ನು ಇನ್ನೊಂದು ತಾಲೂಕಿಗೆ ಬಳಸಬಹುದೇ ಅಥವಾ ಇಲ್ಲಿಗೇ ನಿಲ್ಲಿಸಿ ನಿರ್ವಹಣೆಗೆ ಸೇರಿಸಬೇಕೇ ಎಂದು ಕೇಳಿ, ಅವರ ಉತ್ತರ ಬಂದ ಮೇಲೆಯೇ ಮುಂದಿನ ಕರಪತ್ರವನ್ನು ಅಚ್ಚಿಗೆ ಕೊಡಿ.