ಕೊಡಚಾದ್ರಿಯ ಸೂರ್ಯಾಸ್ತ: ಇಳಿಯುವ ಹೊತ್ತಿನ ಲೆಕ್ಕ

ಊರಿನ ಹುಡುಗರೊಂದಿಗೆ ಕೊಡಚಾದ್ರಿಗೆ ಹೊರಟಿರುವ ಸ್ವಯಂಸೇವಕರಿಗೆ ಒಂದು ಮಾತು. 1,343 ಮೀಟರ್ ಎತ್ತರದ ಈ ಬೆಟ್ಟವನ್ನು ಹತ್ತುವುದಕ್ಕಿಂತ ಕತ್ತಲಲ್ಲಿ ಇಳಿಯುವುದೇ ಕಷ್ಟ. ಬೆಟ್ಟದ ತುದಿಯಲ್ಲಿರುವ ಸರ್ವಜ್ಞ ಪೀಠದ ಬಳಿ ನಿಂತು ಕೈಯನ್ನು ಪೂರ್ತಿ ಚಾಚಿ, ಸೂರ್ಯನ ಕೆಳಗೆ ಬೆರಳುಗಳನ್ನು ಅಡ್ಡಲಾಗಿ ಹಿಡಿಯಿರಿ. ದಿಗಂತದವರೆಗೆ ಎಷ್ಟು ಬೆರಳು ಹಿಡಿಸುತ್ತವೆಯೋ ನೋಡಿ. ಸೂರ್ಯ ಮುಳುಗಲು ಬೆರಳಿಗೆ ಸುಮಾರು 15 ನಿಮಿಷ. ಸೂರ್ಯ ಮುಳುಗಿದ ಮೇಲೆ ಬೆಳಕು ಅರ್ಧ ಗಂಟೆ ನಿಂತರೆ ಹೆಚ್ಚು, ಮರಗಳ ನಡುವೆ ಅದೂ ಇಲ್ಲ. ಆದ್ದರಿಂದ ಒಬ್ಬೊಬ್ಬರಿಗೂ ಒಂದೊಂದು ಟಾರ್ಚ್ ಇರಲಿ. ಮೊಬೈಲ್ ನಂಬಬೇಡಿ, ಅದರ ಚಾರ್ಜ್ ಫೋಟೊಗಳಿಗೇ ಮುಗಿದಿರುತ್ತದೆ. ದಾರಿ ಬಲ್ಲ ಸ್ಥಳೀಯ ಹುಡುಗನೊಬ್ಬ ಮುಂದೆ, ಇನ್ನೊಬ್ಬ ಎಲ್ಲರಿಗಿಂತ ಹಿಂದೆ ನಡೆಯಲಿ. ಅರಣ್ಯ ಇಲಾಖೆಯ ಸಮಯದ ನಿಯಮವನ್ನು ಹಿಂದಿನ ದಿನವೇ ವಿಚಾರಿಸಿ. ಮಳೆಗಾಲವಾದರೆ ಕಚ್ಚಿದ ಇಂಬಳ (ಜಿಗಣೆ) ಬಿಡಿಸಲು ಒಂದು ಪೊಟ್ಟಣ ಉಪ್ಪು ಜೇಬಿನಲ್ಲಿರಲಿ.