ಸಸ್ಯಾಹಾರದಲ್ಲೇ ಸ್ನಾಯು ಬೆಳೆಸುವುದು ಹೇಗೆ?

ಮಾಂಸ ತಿನ್ನದಿದ್ದರೆ ಮೈಕಟ್ಟು ಬರುವುದಿಲ್ಲ ಎಂಬ ಮಾತನ್ನು ನಂಬಿ ಕಸರತ್ತನ್ನೇ ಕೈಬಿಟ್ಟವರಿದ್ದಾರೆ. ಅವರಿಗಾಗಿಯೇ ಈ ಲೇಖನ.

ಭಾರ ಎತ್ತಿದ ಮೇಲೆ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ಚುರುಕಾಗುತ್ತದೆ. ಒಂದು ದಿನ, ಕೆಲವೊಮ್ಮೆ ಎರಡು ದಿನ ಅದು ಹಾಗೆಯೇ ಸಾಗುತ್ತದೆ. ಅದಕ್ಕೆ ಬೇಕಾದ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಬಿಡಿ ಘಟಕಗಳು, ಕಾಳಿನಿಂದ ಬಂದವೋ ಕೋಳಿಯಿಂದ ಬಂದವೋ ಎಂಬುದಕ್ಕಿಂತ ಸಾಕಷ್ಟು ಬಂದವೇ ಎಂಬುದು ಮುಖ್ಯ. ಬ್ರೆಜಿಲ್‌ನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಲು, ಮೊಟ್ಟೆಯನ್ನೂ ಮುಟ್ಟದ ಯುವಕರು ಮತ್ತು ಮಾಂಸ ತಿನ್ನುವ ಯುವಕರು 12 ವಾರ ಒಂದೇ ಬಗೆಯ ತರಬೇತಿ ಪಡೆದರು. ಇಬ್ಬರಿಗೂ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್. ಒಂದು ಗುಂಪಿನ ಕೊರತೆಯನ್ನು ಸೋಯಾ ಪುಡಿ ತುಂಬಿತು, ಇನ್ನೊಂದರದನ್ನು ಹಾಲಿನ ವ್ಹೇ ಪುಡಿ. ಕಾಲಿನ ಸ್ನಾಯು, ಬಲ ಎರಡೂ ಸರಿಸಮವಾಗಿ ಬೆಳೆದವು.

ಹಾಗಾಗಿ ಮೊದಲ ಹೆಜ್ಜೆ ಲೆಕ್ಕ. ನಿಮ್ಮ ತೂಕವನ್ನು 1.6ರಿಂದ ಗುಣಿಸಿ. 60 ಕಿಲೋ ಇದ್ದರೆ 96 ಗ್ರಾಂ. ಬೇಯಿಸಿದ 100 ಗ್ರಾಂ ಬೇಳೆಯಲ್ಲಿ ಸುಮಾರು 9 ಗ್ರಾಂ ಪ್ರೋಟೀನ್ ಇದ್ದರೆ, ಅಷ್ಟೇ ತೂಕದ ಬೇಯಿಸಿದ ಕೋಳಿಯ ಎದೆಮಾಂಸದಲ್ಲಿ 30 ಗ್ರಾಂ ದಾಟುತ್ತದೆ. ಸಸ್ಯಾಹಾರಿಗಳು ಎಡವುವುದು ಇಲ್ಲೇ: ಹೊಟ್ಟೆ ತುಂಬುತ್ತದೆ, ಲೆಕ್ಕ ತುಂಬುವುದಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ಎರಡನೆಯದಾಗಿ, ಆ ಮೊತ್ತವನ್ನು ಮೂರು ನಾಲ್ಕು ಊಟಗಳಿಗೆ ಹಂಚಿ. ಪ್ರೋಟೀನ್ ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವುದು ಲ್ಯೂಸಿನ್ ಎಂಬ ಅಮೈನೋ ಆಮ್ಲ. ಹೆಚ್ಚಿನ ಸಸ್ಯಮೂಲಗಳಲ್ಲಿ ಅದು ಕಡಿಮೆ, ಜೀರ್ಣವಾಗುವ ಪ್ರಮಾಣವೂ ತುಸು ಕಡಿಮೆ. ಆದ್ದರಿಂದ ಪ್ರತಿ ಊಟದಲ್ಲಿ 25ರಿಂದ 30 ಗ್ರಾಂ ಪ್ರೋಟೀನ್ ಇರಲಿ. ಇಷ್ಟು ತಲುಪಲು ಸೋಯಾದಷ್ಟು ನೆರವಾಗುವ ಕಾಳು ಇನ್ನೊಂದಿಲ್ಲ. ಹಾಲು, ಮೊಸರು, ಮೊಟ್ಟೆ ಸೇವಿಸುವವರಿಗೆ ದಾರಿ ಇನ್ನೂ ಸುಲಭ.

ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಕಾಳುಗಳಲ್ಲಿ ಮೆಥಿಯೊನಿನ್ ಎಂಬುದು ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ. ಒಂದೇ ತಟ್ಟೆಯಲ್ಲಿ ಎರಡೂ ಇರಲೇಬೇಕೆಂದಿಲ್ಲ, ದಿನದೊಳಗೆ ಸೇರಿದರೆ ಸಾಕು.

ಆಮೇಲೆ ಕ್ರಿಯೇಟಿನ್, ಅಂದರೆ ಭಾರ ಎತ್ತುವಾಗ ಸ್ನಾಯುವಿಗೆ ಥಟ್ಟನೆ ಶಕ್ತಿ ಒದಗಿಸಲು ನೆರವಾಗುವ ವಸ್ತು. ಇದೊಂದರಲ್ಲಿ ಮಾಂಸಾಹಾರಿಗಳಿಗೆ ನಿಜವಾದ ಅನುಕೂಲವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆಹಾರದ ಕ್ರಿಯೇಟಿನ್ ಸಿಗುವುದು ಮುಖ್ಯವಾಗಿ ಮಾಂಸ, ಮೀನುಗಳಲ್ಲಿ. ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಅದರ ಸಂಗ್ರಹ ಕಡಿಮೆ ಇರುತ್ತದೆ. ದಿನಕ್ಕೆ 3ರಿಂದ 5 ಗ್ರಾಂ ಕ್ರಿಯೇಟಿನ್ ಮೊನೊಹೈಡ್ರೇಟ್ ಪುಡಿ ಸೇವಿಸಿದರೆ ಕೆಲವು ವಾರಗಳಲ್ಲಿ ಸಂಗ್ರಹ ತುಂಬುತ್ತದೆ. ಹಾಲು, ಮೊಟ್ಟೆಯನ್ನೂ ಬಿಟ್ಟವರು ವಿಟಮಿನ್ ಬಿ12 ಪೂರಕವನ್ನು ಎಂದಿಗೂ ತಪ್ಪಿಸಬಾರದು.

ಕೊನೆಗೆ ಒಂದು ನೋಟ್‌ಬುಕ್ ಇಡಿ. ಎತ್ತಿದ ಭಾರ, ಎಷ್ಟು ಸಲ ಎತ್ತಿದಿರಿ ಎಂಬುದನ್ನು ಒಂದು ಪುಟದಲ್ಲಿ, ತಿಂದ ಪ್ರೋಟೀನನ್ನು ಎದುರಿನ ಪುಟದಲ್ಲಿ ಬರೆಯಿರಿ. ಮೂರು ನಾಲ್ಕು ವಾರವಾದರೂ ಭಾರ ಏರದಿದ್ದರೆ, ಸಸ್ಯಾಹಾರವನ್ನು ದೂರುವ ಮೊದಲು ಎರಡೂ ಪುಟಗಳನ್ನು ಜೊತೆಗಿಟ್ಟು ಓದಿ.