ಹಳೆಯ ಇಂಟ್ರಾನೆಟ್ ಕ್ಲೌಡ್‌ಗೆ: ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು?

ಸ್ವಂತ ಸರ್ವರ್‌ನಲ್ಲಿ ಇಂಟ್ರಾನೆಟ್ (ನೌಕರರ ಒಳಬಳಕೆಯ ಜಾಲತಾಣ) ಇಟ್ಟುಕೊಂಡಿರುವ ಕಂಪನಿಗಳಿಗೆ ತಡಮಾಡುವಷ್ಟು ಸಮಯ ಉಳಿದಿಲ್ಲ. ಇಂಟ್ರಾನೆಟ್ ಕಟ್ಟಲು ಬಳಸುವ ತಂತ್ರಾಂಶ ಶೇರ್‌ಪಾಯಿಂಟ್‌ನ 2013ರ ಆವೃತ್ತಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2023ರ ಏಪ್ರಿಲ್ 11ಕ್ಕೇ ನಿಂತಿತು. 2016 ಮತ್ತು 2019ರ ಆವೃತ್ತಿಗಳಿಗೆ 2026ರ ಜುಲೈ 14ರ ಗಡುವು ನಿಗದಿಯಾಗಿದೆ. 2025ರ ಜುಲೈನಲ್ಲಿ ದಾಳಿಕೋರರು ಶೇರ್‌ಪಾಯಿಂಟ್‌ನ ಭದ್ರತಾ ದೋಷ ಬಳಸಿ ನುಗ್ಗಿದ್ದು ಇಂಥ ಸ್ವಂತ ಸರ್ವರ್‌ಗಳಿಗೇ. ಕ್ಲೌಡ್‌ನಲ್ಲಿರುವ ಶೇರ್‌ಪಾಯಿಂಟ್ ಆನ್‌ಲೈನ್‌ಗೆ ಆ ದೋಷ ತಟ್ಟಲಿಲ್ಲ.

ಕಡತಗಳನ್ನು ನಕಲಿಸಲು ಸಾಧನಗಳಿವೆ, ಅದು ಕಷ್ಟವಲ್ಲ. ಕಷ್ಟವೆಲ್ಲ ಅದಕ್ಕೆ ಮೊದಲೇ.

ಪಟ್ಟಿ ಮಾಡಿ, ಜರಡಿ ಹಿಡಿಯಿರಿ

ಎಷ್ಟು ಸೈಟ್‌ಗಳಿವೆ, ಪ್ರತಿಯೊಂದಕ್ಕೂ ಹೊಣೆ ಯಾರು, ಕೊನೆಯ ಬಾರಿ ತಿದ್ದಿದ್ದು ಯಾವಾಗ ಎಂದು ಬರೆದುಕೊಳ್ಳಿ. ಒಯ್ಯುವುದು, ದಾಖಲೆಗಾಗಿ ಎತ್ತಿಡುವುದು, ಅಳಿಸುವುದು ಎಂದು ವಿಂಗಡಿಸಿ. ‘ಇರಲಿ ಬಿಡಿ, ಮುಂದೆ ಬೇಕಾದೀತು’ ಎಂಬ ಮಾತು ಎಲ್ಲ ವಿಭಾಗಗಳಿಂದಲೂ ಬರುತ್ತದೆ. ಅದಕ್ಕೆ ಮಣಿದರೆ ಹಳೆಯ ಕಸವನ್ನೇ ಬಾಡಿಗೆ ಕೊಟ್ಟು ಹೊಸ ಜಾಗದಲ್ಲಿಟ್ಟಂತೆ. ವಾರಸುದಾರರೇ ಇಲ್ಲದ ಸೈಟನ್ನು ‘ಓದಲು ಮಾತ್ರ’ ಸ್ಥಿತಿಗೆ ತನ್ನಿ. ನಿಜವಾಗಿ ಬೇಕಾದವರು ಕೆಲವೇ ದಿನಗಳಲ್ಲಿ ದೂರು ಹೇಳಿಕೊಂಡು ಬರುತ್ತಾರೆ. ಅಳಿಸುವ ಮುನ್ನ ಮಾತ್ರ ಲೆಕ್ಕಪತ್ರ ಮತ್ತು ಕಾನೂನು ವಿಭಾಗಗಳ ಒಪ್ಪಿಗೆ ಬರಹದಲ್ಲಿರಲಿ.

ಅನುಮತಿಗಳ ಗಂಟು

ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ವರ್ಷಗಟ್ಟಲೆ ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್ ತೆರೆದುಕೊಟ್ಟು, ಕೆಲಸ ಬಿಟ್ಟವರ ಹೆಸರನ್ನೂ ತೆಗೆಯದೆ, ಯಾರು ಏನನ್ನು ನೋಡಬಲ್ಲರು ಎಂಬುದು ಯಾರಿಗೂ ತಿಳಿಯದಂತಾಗಿರುತ್ತದೆ. ‘ಎಲ್ಲರಿಗೂ’ ಎಂದು ಅನುಮತಿಯಿದ್ದ ಸಂಬಳದ ಪಟ್ಟಿ ಹಳೆಯ ವ್ಯವಸ್ಥೆಯಲ್ಲಿ ಬಚಾವಾಗಿದ್ದದ್ದು ಅಲ್ಲಿನ ಹುಡುಕಾಟ ಕೆಟ್ಟದಾಗಿದ್ದರಿಂದ! ಕ್ಲೌಡ್‌ನ ಹುಡುಕಾಟ ಚುರುಕು. ಕೋಪೈಲಟ್‌ನಂಥ ಎಐ ಸಹಾಯಕರೂ ಕೇಳಿದವರಿಗೆ ತೆರೆಯಲು ಅನುಮತಿಯಿರುವ ಕಡತಗಳಿಂದಲೇ ಉತ್ತರ ಕೊಡುತ್ತವೆ. ಅಂದರೆ ಆ ಪಟ್ಟಿ ಮೊದಲ ವಾರದಲ್ಲೇ ಯಾರದೋ ಪರದೆಯ ಮೇಲೆ ಕಾಣಿಸಿಕೊಳ್ಳಬಹುದು. ಹಳೆಯ ಅನುಮತಿಗಳನ್ನು ಯಥಾವತ್ತು ಒಯ್ಯುವ ಬದಲು, ವಿಭಾಗವಾರು ಗುಂಪುಗಳನ್ನು ಹೊಸದಾಗಿ ರಚಿಸಿ ಅವುಗಳಿಗೇ ಅನುಮತಿ ಕೊಡುವುದು ಲೇಸು.

ಅರ್ಜಿ ನಮೂನೆಗಳೂ ರಜೆ ಮಂಜೂರಾತಿಯಂಥ ವರ್ಕ್‌ಫ್ಲೋಗಳೂ (ಹಂತ ಹಂತವಾಗಿ ತಾನಾಗಿಯೇ ಸಾಗುವ ಕೆಲಸಗಳು) ಇನ್ನೊಂದು ತಲೆನೋವು. ನಮೂನೆಗಳನ್ನು ತಯಾರಿಸುವ ಮೈಕ್ರೋಸಾಫ್ಟ್‌ನ ಇನ್ಫೋಪಾತ್‌ಗೂ ಅದೇ 2026ರ ಜುಲೈ 14 ಕೊನೆ. ಕ್ಲೌಡ್‌ನಲ್ಲಿ ಶೇರ್‌ಪಾಯಿಂಟ್ 2010ರ ಮಾದರಿಯ ವರ್ಕ್‌ಫ್ಲೋಗಳನ್ನು 2020ರಲ್ಲೇ ನಿಲ್ಲಿಸಲಾಯಿತು, 2013ರ ಮಾದರಿಗೆ 2026ರ ಏಪ್ರಿಲ್ 2ರ ಗಡುವು. ಆದ್ದರಿಂದ ನಮೂನೆಗಳನ್ನು ಪವರ್ ಆ್ಯಪ್ಸ್‌ನಲ್ಲೂ ವರ್ಕ್‌ಫ್ಲೋಗಳನ್ನು ಪವರ್ ಆಟೊಮೇಟ್‌ನಲ್ಲೂ (ಎರಡೂ ಮೈಕ್ರೋಸಾಫ್ಟ್‌ನ ಹೊಸ ಸಾಧನಗಳು) ಮತ್ತೆ ಕಟ್ಟುವ ಲೆಕ್ಕದಲ್ಲೇ ವೇಳಾಪಟ್ಟಿ ಹಾಕಿಕೊಳ್ಳಿ.

ನಕಲು, ಪರೀಕ್ಷೆ

ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ ಮೈಗ್ರೇಶನ್ ಟೂಲ್ ಉಚಿತ. ಮೊದಲು ಅದರಿಂದ ತಪಾಸಣೆಯನ್ನಷ್ಟೇ ಮಾಡಿಸಿ. ಫೋಲ್ಡರ್‌ಗಳ ಹೆಸರೂ ಸೇರಿ ಕಡತದ ವಿಳಾಸ 400 ಅಕ್ಷರ ಮೀರುವಂತಿಲ್ಲ. ಹೆಸರಿನಲ್ಲಿ ನಕ್ಷತ್ರ (*), ಪ್ರಶ್ನಾರ್ಥಕ (?), ವಿವರಣ (:) ಚಿಹ್ನೆಗಳು ಇರಬಾರದು. ಫೋಲ್ಡರ್‌ನೊಳಗೆ ಫೋಲ್ಡರ್ ತುರುಕುವ ಅಭ್ಯಾಸವಿದ್ದಲ್ಲಿ ತಪ್ಪುಗಳ ಪಟ್ಟಿ ಉದ್ದವಾಗಿಯೇ ಬರುತ್ತದೆ.

ಒಂದು ಚಿಕ್ಕ ವಿಭಾಗದಿಂದ ಪ್ರಯೋಗ ಶುರುಮಾಡಿ. ದೊಡ್ಡ ನಕಲನ್ನು ರಾತ್ರಿ ಅಥವಾ ವಾರಾಂತ್ಯಕ್ಕೆ ಇಟ್ಟುಕೊಳ್ಳಿ. ದಟ್ಟಣೆಯ ವೇಳೆಯಲ್ಲಿ ಕ್ಲೌಡ್ ಸೇವೆಯೇ ವೇಗವನ್ನು ತಗ್ಗಿಸುತ್ತದೆ. ಪೂರ್ತಿ ನಕಲಾದ ಮೇಲೆ ಬದಲಾದ ಕಡತಗಳನ್ನಷ್ಟೇ ಮತ್ತೆ ಮತ್ತೆ ಒಯ್ಯಬಹುದು. ಪರೀಕ್ಷಿಸುವಾಗ ಅಡ್ಮಿನ್ ಖಾತೆ ಬೇಡ, ಅದಕ್ಕೆ ಎಲ್ಲವೂ ತೆರೆದೇ ಇರುತ್ತದೆ. ಸಾಮಾನ್ಯ ನೌಕರರ ಖಾತೆಯಿಂದ ನೋಡಿದರೆ ಮಾತ್ರ ನಿಜಸ್ಥಿತಿ ಕಾಣುತ್ತದೆ.

ಬದಲಾವಣೆಯ ದಿನ

ಹಳೆಯ ತಾಣವನ್ನು ‘ಓದಲು ಮಾತ್ರ’ ಮಾಡಿ, ಕೊನೆಯ ಬದಲಾವಣೆಗಳನ್ನು ಒಯ್ದು, ಹೊಸ ವಿಳಾಸ ತಿಳಿಸಿ. ಹಳೆಯ ಇಮೇಲ್‌ಗಳಲ್ಲೂ ಒಂದಕ್ಕೊಂದು ಜೋಡಿಸಿದ ಎಕ್ಸೆಲ್ ಹಾಳೆಗಳಲ್ಲೂ ಇರುವ ಕೊಂಡಿಗಳು ಮುರಿಯುವುದು ಖಚಿತ. ಹೆಚ್ಚು ಬಳಕೆಯ ಪುಟಗಳಿಗಾದರೂ ಹೊಸ ವಿಳಾಸಕ್ಕೆ ತಿರುವು ಹಾಕಿಡಿ.

ಹಳೆಯ ಸರ್ವರ್ ಇನ್ನು ಕೆಲವು ತಿಂಗಳು ಕಂಪನಿಯ ಒಳಜಾಲದಲ್ಲಷ್ಟೇ ಇರಲಿ, ಹೊರಗಿನ ಇಂಟರ್ನೆಟ್ ಸಂಪರ್ಕ ಮಾತ್ರ ಅಂದೇ ಕಡಿತವಾಗಲಿ. ಆಮೇಲೆ ಪೂರ್ಣ ಬ್ಯಾಕಪ್ ತೆಗೆದು, ಅದು ಮರಳಿ ತೆರೆಯುತ್ತದೆಯೇ ಎಂದು ಪರೀಕ್ಷಿಸಿ ಸರ್ವರ್ ಸ್ಥಗಿತಗೊಳಿಸಿ. ಆ ಸರ್ವರ್‌ಗಾಗಿಯೇ ತೆರೆದಿದ್ದ ಸೇವಾ ಖಾತೆಗಳನ್ನೂ (ತಂತ್ರಾಂಶ ನಡೆಸಲು ಬಳಸುವ ಖಾತೆಗಳು) ಅದೇ ದಿನ ಮುಚ್ಚಿ.